ನಾಲ್ಕನೆಯ ಕೈ

ಬಲ್ಲಾರಟ್‌ನಲ್ಲಿ ಜುಲೈ ಎಂದರೆ
ಬೆಳಿಗ್ಗೆ ಹತ್ತಾದರೂ ಹುಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಇಬ್ಬನಿ ಗಡ್ಡೆ.
ಚರ್ಚಿನ ಹಿಂಬದಿಯ ಕೋಣೆಯಲ್ಲಿ
ಗುಂಡಿ ಒತ್ತಿದರೆ ಇಪ್ಪತ್ತು ನಿಮಿಷ ಉರಿದು
ತಾನೇ ಆರಿಕೊಳ್ಳುವ ಹೀಟರು,
ನಡುವೆ ಎಲ್ಲೋ ಒಂದು ಸ್ವರಕ್ಕೆ ಕೆಮ್ಮುವ ಪಿಯಾನೊ,
ಇಬ್ಬರಿಗೂ ಒಂದೇ ಬೆಂಚು.

ಗುರುವಾರ ನಮ್ಮದು.
ಎಡಕ್ಕೆ ನಾನು, ವಾರಿಜ,
ಮೂವತ್ತು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಊರಿನವರ ರಕ್ತದ ಗುಂಪು ನೋಡಿದವಳು.
ಬಲಕ್ಕೆ ಡೆಸ್ಮಂಡ್ ಟ್ರಿಲೋರ್, ಬೇಕರಿ ಮುಚ್ಚಿ ಆರು ವರ್ಷ;
ಬಾರಿಸುವ ಮುಂಚೆ ಈಗಲೂ ಬೆರಳನ್ನು ಪ್ಯಾಂಟಿಗೆ ಒರೆಸುತ್ತಾನೆ,
ಹಿಟ್ಟು ಮೆತ್ತಿದೆಯೋ ಎನ್ನುವಂತೆ.

ಆ ಫ್ಯೂಗು ಬರೆದವನಿಗೆ ಮೂವತ್ತೊಂದು.
ಅದೇ ಅವನ ಕೊನೆಯ ವರ್ಷ.
ನೂರಾರು ಹಾಡು ಕಟ್ಟಿದ ಕೈ
ಮತ್ತೆ ಬಳಪ ಹಿಡಿದು ಕಾಗುಣಿತಕ್ಕೆ ಕೂತಿತು.
ಕೊನೆಗೆ ಮೇಷ್ಟ್ರನ್ನೇ ಹುಡುಕಿ ಹೋದನಂತೆ;
ಒಂದು ಪಾಠವಾಯಿತು,
ಎರಡನೆಯದಕ್ಕೆ ಮೈ ಏಳಲಿಲ್ಲ.

ಒಂದು ದನಿ ಒಳಬಂದು ಮಾತು ತೆಗೆಯುತ್ತದೆ.
ಮುಗಿಸುವ ಮೊದಲೇ ಅದೇ ಮಾತು
ಐದು ಮೆಟ್ಟಿಲು ಆಚೆಯಿಂದ ಇನ್ನೊಂದು.
ಕೀರವಾಣಿಯ ನೆರೆಮನೆ ಅನ್ನಿಸುತ್ತದೆ ನನಗೆ,
ಬಾಗಿಲು ಮಾತ್ರ ಬೇರೆ ದಿಕ್ಕಿಗೆ.
ಮೂರು, ನಾಲ್ಕು:
ಜಡೆ ಕೋಲಾಟದಲ್ಲಿ ಹಗ್ಗ ಹಿಡಿದವರು
ಒಬ್ಬರನ್ನೊಬ್ಬರು ದಾಟಿ ದಾಟಿ
ಮೇಲೆ ಹೆಣೆದು ಇಳಿದ ಹಾಗೆ.
ಕುಣಿಯುವವರಿಗೆ ಜಡೆ ಕಾಣುವುದಿಲ್ಲ,
ಕತ್ತೆತ್ತಿದರೆ ಹೆಜ್ಜೆ ತಪ್ಪುತ್ತದೆ.

ಮೊದಲ ವರ್ಷವೆಲ್ಲ ಗಡಿ ತಕರಾರು.
ಅವನ ಎಡಗೈಯ ಕಿರುಬೆರಳು ಮನೆ ಖಾಲಿ ಮಾಡುವ ಮೊದಲೇ
ನನ್ನ ಬಲಗೈಯ ಕಿರುಬೆರಳು
ಪಾತ್ರೆ ಪಡಗ ಸಮೇತ ಅದೇ ಬಿಳಿ ಪಟ್ಟಿಗೆ.
ಶಾಲೆಯಲ್ಲಿ ಈ ಬೆರಳು ತೋರಿಸಿ ಟೂ ಬಿಡುತ್ತಿದ್ದೆವು, ಅಂದೆ.
ಅವನು ಟೂ ಎಂದರೆ ಎರಡು ಎಂದುಕೊಂಡ.

ಮಾರ್ಚಿನಲ್ಲಿ ಆ ಎಡಗೈ ಹೋಯಿತು.
ನಿದ್ದೆಯಲ್ಲೇ, ಕಾಲಿನ ಅರ್ಧದ ಜೊತೆ.
ಮೇ ತಿಂಗಳಲ್ಲಿ ಕೋಲೂರಿ ಬಂದು
ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ,
ಬಸ್ಸಿನಲ್ಲಿ ಯಾರೋ ಮರೆತ ಕೈಚೀಲವನ್ನು
ಕಾಯುವವನ ಹಾಗೆ.
ನಾನು ಏನೋ ಹೇಳಲು ಹೊರಟೆ.
'ಹೆಣೆದ ಬ್ರೆಡ್ಡಿಗೆ ಮೂರೇ ಎಳೆ ಸಾಕು,' ಅಂದ,
'ನಲವತ್ತು ವರ್ಷ ಮಾರಿದ್ದೇನೆ.'

ಈಗ ಮೂರು ಕೈ.
ಪುಟ ತಿರುಗಿಸುವುದೂ ನನ್ನದೇ ಪಾಲು,
ತಗ್ಗಿನ ದನಿ ಉಸಿರು ತಕ್ಕೊಳ್ಳುವಲ್ಲಿ, ಅವಸರಕ್ಕೆ.
ನನ್ನ ಕಿರುಬೆರಳಿಗೆ ಜಾಗವೋ ಜಾಗ.
ಆದರೂ ಆ ಪಟ್ಟಿಯ ಹತ್ತಿರ ಬಂದಾಗ
ಕೂದಲೆಳೆಯಷ್ಟು ನಿಲ್ಲುತ್ತದೆ,
ಒಳಗಿರುವವರು ಹೊರಡಲಿ ಎಂದು.
ಮೆಟ್ರೊನೋಮಿಗೆ ಅದು ತಪ್ಪು. ತಿದ್ದಿಕೊಂಡಿಲ್ಲ.

ಆಚೆ ಅಡುಗೆಕೋಣೆಯಲ್ಲಿ ಕಪ್ಪು ತೊಳೆಯುವ ಗ್ಲೆನಿಸ್
ಒರೆಸುವ ಬಟ್ಟೆಯೊಂದಿಗೇ ಬಾಗಿಲಿಗೆ ಬಂದಳು:
'ಹೊಸದಾ ಇದು? ಚೆನ್ನಾಗಿದೆ.
ಹಳೆಯದರಲ್ಲಿ ಯಾರು ಏನು ಹೇಳುತ್ತಿದ್ದಾರೆ ಅಂತಲೇ
ತಿಳಿಯುತ್ತಿರಲಿಲ್ಲ.'
ಡೆಸ್ಮಂಡ್ ನಕ್ಕ.
ತುಟಿಯ ಬಲಗೊನೆ ಒಂದೇ ನಕ್ಕಿತು, ಸಾಕಷ್ಟು ಜೋರಾಗಿ.
ನನಗೆ ಸಿಟ್ಟು ಬಂದದ್ದು ಯಾರ ಮೇಲೆ,
ಮನೆಗೆ ಹೋಗುವ ದಾರಿಯಲ್ಲೂ ಗೊತ್ತಾಗಲಿಲ್ಲ.

ಕೊನೆಯ ಪುಟದ ಕೊನೆಯ ಕೂಟದಲ್ಲಿ
ಅವನ ಎಡಗೈಯ ಸ್ವರ ನನಗೆ ಎಟುಕುತ್ತದೆ.
ಕಿರುಬೆರಳು ಸ್ವಲ್ಪ ಚಾಚಿದರೆ ಆಯಿತು.
ಅವನಿಗೂ ಗೊತ್ತು. ನೋಡುತ್ತಾನೆ,
ಕೀಲಿಯನ್ನಲ್ಲ, ಕಿಟಕಿಯಾಚೆ
ಕರಗುತ್ತಿರುವ ಹುಲ್ಲನ್ನು.

ಹೀಟರು ಆರಿತು.
ಪೆಡಲಿನ ಮೇಲಿಂದ ನಾನು ಕಾಲು ತೆಗೆಯಲಿಲ್ಲ;
ಮೂರು ಸ್ವರ ತೆಳ್ಳಗಾಗುತ್ತ ಆಗುತ್ತ,
ಗುಂಡಿ ಒತ್ತಲು ಅವನು ಕೋಲು ಹುಡುಕುವವರೆಗೆ.